ಅಪ್ಪನ ಜಾವಾ ಮತ್ತು ಒಂದು ವಿಂಡ್‌ಶೀಲ್ಡು

ಒಂದು ತಿಂಗಳಿಂದ ನಮ್ಮನೇಲಿ ಒಂದೇ ಜಗಳ. ಅಪ್ಪನ ಹಳೇ ಜಾವಾಕ್ಕೆ ವಿಂಡ್‌ಶೀಲ್ಡು ಹಾಕಿಸಬೇಕೋ ಬೇಡವೋ ಅಂತ. ಹಾಕಿಸಬೇಕು ಅನ್ನೋರು ಅಪ್ಪ. ಬೇಡವೇ ಬೇಡ ಅನ್ನೋನು ನಾನು. ‘ನಿಮ್ಮಿಬ್ಬರ ಸಹವಾಸ ಸಾಕು, ಬಸ್ಸಲ್ಲಿ ಹೋಗಿ’ ಅನ್ನೋದು ಅಮ್ಮ.

ಗಾಡಿ 1968ರ ಮಾಡೆಲ್ಲು. ನಮ್ಮ ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ್ದು. ಅಪ್ಪ ಅದನ್ನ ಸೆಕೆಂಡ್ ಹ್ಯಾಂಡಲ್ಲಿ ಕೊಂಡಿದ್ದು 1979ರಲ್ಲಿ, ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ. ಈಗಲೂ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಅದೇ ಗಾಡಿ ಹತ್ತಿ ನಂಜನಗೂಡಿನಾಚೆ ಇರೋ ತೋಟಕ್ಕೆ ಹೋಗಬೇಕು ಅವರಿಗೆ. ಕಳೆದ ಡಿಸೆಂಬರಿನಲ್ಲಿ ನ್ಯುಮೋನಿಯಾ ಆಗಿ ಒಂದು ವಾರ ಆಸ್ಪತ್ರೆಯಲ್ಲಿದ್ದರು. ಬಿಡುಗಡೆ ಮಾಡುವಾಗ ಡಾಕ್ಟರು ‘ಎದೆಗೆ ಚಳಿಗಾಳಿ ತಾಗಿಸ್ಕೋಬೇಡಿ’ ಅಂದರು. ಇನ್ನಾದರೂ ಗಾಡಿ ಬಿಡ್ತಾರೆ ಅಂತ ಅಮ್ಮ ಅಂದುಕೊಂಡರೆ, ಅಪ್ಪ ಅದನ್ನ ಅರ್ಥ ಮಾಡಿಕೊಂಡಿದ್ದೇ ಬೇರೆ ಥರ. ಮುಂದೊಂದು ಶೀಲ್ಡು ಹಾಕಿಸಿದರಾಯ್ತು!

ನನ್ನ ತಕರಾರು ಏನಪ್ಪಾ ಅಂದರೆ, ಆ ಗಾಡಿಯನ್ನ ಮತ್ತೆ ಮೊದಲಿನ ಹಾಗೆ ಮಾಡೋಕೆ ನಾನು ಮೂರು ವರ್ಷ ಗುಜರಿ ಅಂಗಡಿಗಳನ್ನ ಸುತ್ತಿದ್ದೀನಿ. ಅದೇ ಮರೂನ್ ಬಣ್ಣ, ಟ್ಯಾಂಕಿನ ಪಕ್ಕಕ್ಕೆ ಅದೇ ಕ್ರೋಮು. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಎಲ್ಲರೂ ಸೇರ್ತೀವಲ್ಲ, ಅಲ್ಲಿ ‘ಪೂರ್ತಿ ಒರಿಜಿನಲ್ಲು’ ಅನ್ನಿಸಿಕೊಳ್ಳೋ ಸುಖ ಅನುಭವಿಸಿದವರಿಗೇ ಗೊತ್ತು. ಆ ದುಂಡು ಹೆಡ್‌ಲೈಟಿನ ಮೇಲೊಂದು ಪ್ಲಾಸ್ಟಿಕ್ ಹಾಳೆ ನಿಲ್ಲಿಸೋದಾ?

‘ಏನೋ ಮಗ, ಇದನ್ನ ಓಡ್ಸೋಕೆ ಇಟ್ಟಿದೀಯೋ, ಮ್ಯೂಸಿಯಮ್ಮಿಗೆ ಇಟ್ಟಿದೀಯೋ?’ ಅಂದರು ಅಪ್ಪ.

ಸರಿ, ಇತಿಹಾಸ ತೋರಿಸಿಯೇ ಬಾಯಿ ಮುಚ್ಚಿಸೋಣ ಅಂತ ಓದೋಕೆ ಕೂತೆ. ಕೆದಕಿದಷ್ಟೂ ನನ್ನ ಕೇಸೇ ವೀಕ್ ಆಗ್ತಾ ಹೋಯ್ತು ಸ್ವಾಮಿ.

ಮೊದಲನೇದಾಗಿ, ವಿಂಡ್‌ಶೀಲ್ಡು ಅನ್ನೋದು ಇತ್ತೀಚಿನ ಶೋಕಿ ಅಂತ ನಾನು ತಿಳಿದಿದ್ದು ತಪ್ಪು. ಮೋಟಾರ್ ಸೈಕಲ್ಲಿನ ಶುರುವಾತಿನ ಕಾಲದಲ್ಲಿ ಸವಾರನಿಗೆ ಇದ್ದಿದ್ದು ಒಂದು ಚರ್ಮದ ಟೋಪಿ, ಒಂದು ಜೊತೆ ಕನ್ನಡಕ, ಅಷ್ಟೇ. ಗಾಳಿ ತಡೆಯೋ ಪಾರದರ್ಶಕ ಹಾಳೆ ಬೇಕು ಅಂದರೆ ಗಾಜು ಇತ್ತು, ಬಿದ್ದರೆ ಕತ್ತಿಗೇ ಚುಚ್ಚೋದು. ಸೆಲ್ಯುಲಾಯ್ಡ್ ಇತ್ತು, ಬಿಸಿಲಿಗೆ ಹಳದಿಯಾಗೋದು, ಬೆಂಕಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳೋದು. 1930ರ ದಶಕದಲ್ಲಿ ಅಕ್ರಿಲಿಕ್ ಬಂತು. ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್, ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಮೇಲಿನ ಗುಮ್ಮಟವೆಲ್ಲ ಇದರದ್ದೇ. ಯುದ್ಧ ಮುಗಿದ ಮೇಲೆ ಅದೇ ಹಾಳೆ ಬೈಕುಗಳ ಮೇಲೂ ಬಂತು. ಅಂದರೆ ನಮ್ಮ ಜಾವಾದ ಮೂಲ ವಿನ್ಯಾಸ ತಯಾರಾಗ್ತಿದ್ದ ಕಾಲವೇ ವಿಂಡ್‌ಶೀಲ್ಡಿನ ಕಾಲ. ಜಾವಾದ ತವರು ಚೆಕೊಸ್ಲೊವಾಕಿಯಾದಲ್ಲಂತೂ ಇದೇ 250 ಸಿಸಿ ಗಾಡಿಗೆ ಪ್ಲೆಕ್ಸಿ ಹಾಳೆ ಹಾಕಿಕೊಂಡು, ಹಿಂದೆ ಒಂಟಿ ಚಕ್ರದ ಪುಟ್ಟ ಟ್ರೇಲರು ಕಟ್ಟಿಕೊಂಡು ಜನ ಊರೂರು ಸುತ್ತುತ್ತಿದ್ದರು.

ಇನ್ನು ಇಂಗ್ಲೆಂಡಿನವರ ಕಥೆ ಕೇಳಿ. ವಿನ್ಸೆಂಟ್ ಕಂಪನಿ 1954ರ ಕೊನೆಯಲ್ಲಿ ‘ಬ್ಲ್ಯಾಕ್ ಪ್ರಿನ್ಸ್’ ಅಂತೊಂದು ಗಾಡಿ ಪ್ರದರ್ಶನಕ್ಕಿಟ್ಟಿತು. ಮೈಪೂರ್ತಿ ಫೈಬರ್ ಗ್ಲಾಸ್ ಹೊದಿಕೆ, ಮುಂದೆ ವಿಂಡ್‌ಶೀಲ್ಡು. ಸೂಟು ಹಾಕ್ಕೊಂಡ ಮನುಷ್ಯ ಕೊಳೆಯಾಗದೆ ಆಫೀಸಿಗೆ ಹೋಗಬೇಕು ಅನ್ನೋ ಲೆಕ್ಕಾಚಾರ. ಮರುವರ್ಷ ಡಿಸೆಂಬರಿಗೆ ಆ ಕಂಪನಿಯ ಬೈಕ್ ತಯಾರಿಕೆಯೇ ನಿಂತುಹೋಯ್ತು, ಪಾಪ. ರಾಯಲ್ ಎನ್‌ಫೀಲ್ಡ್‌ನವರೂ 50ರ ದಶಕದ ಕೊನೆಗೆ ‘ಏರ್‌ಫ್ಲೋ’ ಅನ್ನೋ ದೊಡ್ಡ ಹೊದಿಕೆ ಮಾರಿದರು. ಬುಲೆಟ್ ಅಂದರೆ ಬೆತ್ತಲೆ ಗಾಡಿ ಅಂತ ಎದೆ ತಟ್ಟಿಕೊಳ್ಳೋ ಗೆಳೆಯರು ಇದನ್ನ ಗಮನಿಸಬೇಕು.

ನನಗೆ ತುಂಬಾ ಹಿಡಿಸಿದ್ದು ಏರಿಯಲ್ ಲೀಡರ್. 1958ರಲ್ಲಿ ಬಂದಿದ್ದು, ನಮ್ಮ ಜಾವಾದ ಹಾಗೇ 250ರ ವರ್ಗದ ಟೂ-ಸ್ಟ್ರೋಕ್. ಆದರೆ ಎರಡು ಸಿಲಿಂಡರು. ಇಂಜಿನ್ನು ಕಾಣಿಸೋದೇ ಇಲ್ಲ, ಪೂರ್ತಿ ತಗಡಿನ ಹೊದಿಕೆ. ಕಾಲಿಗೆ ಅಡ್ಡ ತಗಡು, ಎದೆಗೆ ವಿಂಡ್‌ಶೀಲ್ಡು. ಇವೆಲ್ಲ ಕಾರ್ಖಾನೆಯಿಂದಲೇ ಬರ್ತಿದ್ದವು, ಬೇರೆ ದುಡ್ಡು ಕೊಡಬೇಕಿರಲಿಲ್ಲ. ಆದರೆ ಹುಡುಗರು ಮೂಗು ಮುರಿದರು. ಮರುವರ್ಷವೇ ಕಂಪನಿ ಅದೇ ಇಂಜಿನ್ನಿಗೆ ಬಟ್ಟೆ ಬಿಚ್ಚಿ ‘ಆ್ಯರೋ’ ಅಂತ ಕಡಿಮೆ ಬೆಲೆಗೆ ಬಿಟ್ಟಿತು! ಗಾಳಿ ತಡೆಯೋದು ಮೇಷ್ಟ್ರಿಗೆ, ಗುಮಾಸ್ತರಿಗೆ. ಗಾಳಿ ಸೀಳೋದು ಹುಡುಗರಿಗೆ. ನಮ್ಮನೆ ಜಗಳ ಆ ಇಂಗ್ಲಿಷ್ ಕಂಪನಿಯಲ್ಲಿ ಅರವತ್ತೈದು ವರ್ಷಕ್ಕೂ ಮೊದಲೇ ಆಗಿಹೋಗಿತ್ತು ಅಂತಾಯ್ತು. ನಮ್ಮಲ್ಲೂ ಹಾಗೇ ತಾನೇ? ಸ್ಕೂಟರಿಗೆ ಶೀಲ್ಡು ಹಾಕಿಸಿ ಅದರ ಮೇಲೆ ಮನೆದೇವರ ಹೆಸರು ಬರೆಸಿದರೆ ಸಂಸಾರಸ್ಥ. ಬೈಕಿಗೆ ಹಾಕಿಸಿದರೆ... ಪೊಲೀಸ್!

ಹಾಗಂತ ಗಾಳಿಯ ಜೊತೆ ಹುಡುಗಾಟವಲ್ಲ. 50ರ ದಶಕದಲ್ಲಿ ರೇಸ್ ಗಾಡಿಗಳಿಗೆ ಮುಂದಿನ ಚಕ್ರವೂ ಮುಚ್ಚಿಹೋಗೋ ಹಾಗೆ ದೊಡ್ಡ ಹೊದಿಕೆ ಹಾಕ್ತಿದ್ದರು. ಕಸದ ತೊಟ್ಟಿ ಹಾಗಿದ್ದಿದ್ದಕ್ಕೆ ಅದಕ್ಕೆ ಡಸ್ಟ್‌ಬಿನ್ ಅಂತಲೇ ಹೆಸರು. ಅಡ್ಡಗಾಳಿ ಬೀಸಿದರೆ ಗಾಡಿ ಕೈಬಿಟ್ಟು ಹೋಗೋದು. ಅಂತರರಾಷ್ಟ್ರೀಯ ಒಕ್ಕೂಟ 1958ರಿಂದ ಅದನ್ನ ರೇಸಿನಿಂದ ನಿಷೇಧಿಸಿತು. 1976ರಲ್ಲಿ ಬಿಎಂಡಬ್ಲ್ಯೂನವರು ಆರ್ 100 ಆರ್‌ಎಸ್ ತಂದಾಗ, ಹೊದಿಕೆಯ ಆಕಾರವನ್ನ ಇಟಲಿಯಲ್ಲಿ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದ್ದರು. ಅದನ್ನ ಕೂರಿಸಿದ್ದು ಹ್ಯಾಂಡಲ್ ಮೇಲಲ್ಲ, ಚಾಸಿಸ್ ಮೇಲೆ. ಅಲ್ಲೇ ಇರೋದು ಗುಟ್ಟು. ಹ್ಯಾಂಡಲ್ಲಿಗೆ ಕಟ್ಟಿದ ಹಾಳೆಗೆ ಗಾಳಿ ಹೊಡೆದರೆ ಅದು ನೇರ ಹ್ಯಾಂಡಲ್ಲನ್ನೇ ತಿರುಗಿಸುತ್ತೆ. ಚಾಸಿಸ್ಸಿಗೆ ಕೂರಿಸಿದರೆ ಹಾಗಾಗಲ್ಲ. ಆದರೆ ಹಳೇ ಜಾವಾದಲ್ಲಿ ಚಾಸಿಸ್ಸಿಗೆ ಕೂರಿಸಬೇಕು ಅಂದರೆ ತೂತು ಕೊರೀಬೇಕು. ಅದಂತೂ ನಾನು ಸತ್ತರೂ ಒಪ್ಪಲ್ಲ.

ಲೆಕ್ಕವನ್ನೂ ಮಾಡಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ನನ್ನ ಅಂದಾಜಿಗೆ, ನೆಟ್ಟಗೆ ಕೂತು ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಗಾಡಿ, ಸವಾರ ಇಬ್ಬರನ್ನೂ ಸೇರಿಸಿ ಗಾಳಿ ಹಿಂದಕ್ಕೆ ತಳ್ಳೋದು ಹೆಚ್ಚುಕಮ್ಮಿ 10 ಕಿಲೋ ಭಾರದಷ್ಟು. 80ಕ್ಕೆ 18 ಕಿಲೋ. ಬರೀ ಗಾಳಿ ತಳ್ಳೋಕೆ ಇಂಜಿನ್ನಿನ 12 ಅಶ್ವಶಕ್ತಿಯಲ್ಲಿ 60ಕ್ಕೆ ಎರಡು ಚಿಲ್ಲರೆ, 80ಕ್ಕೆ ಐದು ಹೋಗುತ್ತೆ. ಚಪ್ಪಟೆ ಹಾಳೆ ನಿಲ್ಲಿಸಿದರೆ ಇನ್ನೊಂದಿಷ್ಟು. ಹಾಗಾಗಿ 80ರಲ್ಲಿ ಹೋಗೋನಿಗೆ ಶೀಲ್ಡು ನಷ್ಟದ ಬಾಬತ್ತು. ನಲವತ್ತೈದು ದಾಟದ ಅಪ್ಪನಿಗೆ? ಎದೆಗೆ ಬಡಿಯೋ ಚಳಿ ತಪ್ಪುತ್ತೆ, ಪೆಟ್ರೋಲಿನಲ್ಲಿ ಗೊತ್ತಾಗೋ ಅಷ್ಟು ವ್ಯತ್ಯಾಸ ಬರಲ್ಲ.

ನನ್ನ ಹತ್ತಿರ ಒಂದು ಕೊನೇ ಅಸ್ತ್ರ ಉಳಿದಿತ್ತು. ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ಟು ಬಂದಿದ್ದೇ 1960ರ ದಶಕದ ದ್ವಿತೀಯಾರ್ಧದಲ್ಲಿ. ಅದಕ್ಕೂ ಮುಂಚೆ ಕಣ್ಣು ಕಾಯೋ ಕೆಲಸದಲ್ಲಿ ವಿಂಡ್‌ಶೀಲ್ಡಿನ ಪಾಲೂ ಇತ್ತು. ಈಗ ಹೆಲ್ಮೆಟ್ಟಿನ ಗಾಜಿದೆಯಲ್ಲ, ಇದ್ಯಾಕೆ ಅಂದೆ.

‘ಹೆಲ್ಮೆಟ್ಟು ಎದೆ ಮೇಲೆ ಹಾಕ್ಕೋತಾರೇನೋ?’ ಅಂದರು ಅಪ್ಪ. ಆಮೇಲೆ ತಾವೇ ಹೇಳಿದರು: ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳಿಗಾಲಕ್ಕೆ ಅವರ ವಿಂಡ್‌ಶೀಲ್ಡು ಅಂದರೆ ಪ್ರಜಾವಾಣಿ. ನಾಲ್ಕಾಗಿ ಮಡಿಸಿ ಸ್ವೆಟರಿನೊಳಗೆ ಎದೆಗೆ ಇಟ್ಟುಕೊಂಡು, ಮಂಕಿ ಕ್ಯಾಪ್ ಏರಿಸಿ ಹೊರಡೋದು. ಶಾಲೆ ತಲುಪಿದ ಮೇಲೆ ಸ್ಟಾಫ್ ರೂಮಿನಲ್ಲಿ ಅದನ್ನೇ ತೆಗೆದು ಓದೋದು. ‘ಪೇಪರು ಬೆಚ್ಚಗಿರ್ತಿತ್ತು’ ಅಂದರು.

ಇದಾದ ಮೇಲೆ ನಾನು ಇನ್ನೇನು ವಾದ ಮಾಡಲಿ ಹೇಳಿ.

ಮೆಕ್ಯಾನಿಕ್ಕು ಅಕ್ರಿಲಿಕ್ ಹಾಳೆ ತರಿಸಿದರು. ನಾನು ಮೂರು ಷರತ್ತು ಹಾಕಿದೆ. ಗಾಡಿಯ ಮೈಗೆ ಒಂದೂ ತೂತು ಕೊರೀಬಾರದು, ಹ್ಯಾಂಡಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅದರ ಮೇಲೆ ಕ್ಲಾಂಪು ಹಾಕಬೇಕು, ಹಾಳೆ ಅಪ್ಪನ ಮೂಗಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಮೂರನೇದು ಮುಖ್ಯ. ಗೀರು ಬಿದ್ದ ಹಾಳೆಯ ಮೂಲಕ ರಾತ್ರಿ ಮಳೆಯಲ್ಲಿ, ಎದುರಿಂದ ಲಾರಿಯ ಬೆಳಕು ಬೀಳ್ತಿರುವಾಗ, ಜಾವಾದ 6 ವೋಲ್ಟಿನ ಮಿಣುಕು ದೀಪದಲ್ಲಿ ರಸ್ತೆ ನೋಡೋಕೆ ಸಾಧ್ಯವೇ ಇಲ್ಲ. ಹಾಳೆಯ ಮೇಲಿಂದ ನೋಡಬೇಕೇ ಹೊರತು ಹಾಳೆಯೊಳಗಿಂದಲ್ಲ. ಅಪ್ಪನನ್ನ ಸೀಟಿನ ಮೇಲೆ ಕೂರಿಸಿ, ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ ಕತ್ತರಿಸಿದೆವು. ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದರೆ ಅಕ್ರಿಲಿಕ್ ಬಿರುಕು ಬಿಡುತ್ತೆ, ಸೋಪಿನ ನೀರು ಮಾತ್ರ ಅಂತಲೂ ಹೇಳಿದೆ. ಹೂಂ ಅಂದರು.

ಮೊದಲ ಭಾನುವಾರ ಅಪ್ಪ ಮುಂದೆ, ನಾನು ಇನ್ನೊಂದು ಗಾಡಿಯಲ್ಲಿ ಹಿಂದೆ. ನಂಜನಗೂಡು ಸೇತುವೆ ಮೇಲೆ ಕಪಿಲೆಯ ಕಡೆಯಿಂದ ಗಾಳಿ ಬೀಸಿ ಹ್ಯಾಂಡಲ್ ಒಂದು ಸಲ ಎಳೀತು. ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಹಿಂದಕ್ಕೂ ತಿರುಗದೆ ನಿಧಾನ ಮಾಡಿಕೊಂಡು ಹೋದರು. ಮನೆಗೆ ಬಂದ ಮೇಲೆ ಎರಡೂ ಪಕ್ಕ ಒಂದೊಂದು ಇಂಚು ಕತ್ತರಿಸಿದೆ. ಈಗ ಪರವಾಗಿಲ್ಲ ಅಂತಾರೆ. ಬಿಚ್ಚೋಕೆ ನಾಲ್ಕೇ ನಟ್ಟು, ಹತ್ತು ನಿಮಿಷದ ಕೆಲಸ. ಜುಲೈನಲ್ಲಿ ಬಿಚ್ಚಿಕೊಂಡು ಹೋಗೋಣ ಅಂದುಕೊಂಡಿದ್ದೀನಿ. ಅಪ್ಪನನ್ನ ಇನ್ನೂ ಕೇಳಿಲ್ಲ.

ಮೊನ್ನೆ ಭಾನುವಾರ ಹೊರಡುವಾಗ ನೋಡಿದರೆ ಸ್ವೆಟರಿನೊಳಗೆ ಮತ್ತೆ ಪೇಪರು! ಶೀಲ್ಡು ಹಾಕಿಸಿದ ಮೇಲೂ ಇದ್ಯಾಕಪ್ಪಾ ಅಂತ ಕೇಳಿದೆ.

‘ತೋಟದಲ್ಲಿ ಓದೋಕೆ ಬೇಡ್ವೇನೋ?’ ಅಂತ ಕಿಕ್ಕರ್ ಒದ್ದರು.