ಲಿಸ್ಪ್ ಭಾಷೆಯೂ ಅದರ ಸಂಪಾದಕಗಳೂ: ಗಣಕದೊಡನೆ ಸಂವಾದದ ಇತಿಹಾಸ

ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಸೀರೆಯ ಅಂಚು, ಸೆರಗುಗಳಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗವನ್ನು ನೀವು ನೋಡಿದ್ದರೆ, ಅದರ ಮೇಲ್ಭಾಗದಲ್ಲಿ ಸರಪಳಿಯಂತೆ ಪೋಣಿಸಿದ ರಟ್ಟಿನ ಕಾರ್ಡುಗಳನ್ನೂ ಗಮನಿಸಿರುತ್ತೀರಿ. ಯಾವ ಹಾಸಿನ ಎಳೆ ಮೇಲೇಳಬೇಕು, ಯಾವುದು ಏಳಬಾರದು ಎಂಬುದನ್ನು ಕಾರ್ಡಿನ ರಂಧ್ರಗಳೇ ತೀರ್ಮಾನಿಸುತ್ತವೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಏರ್ಪಾಡು ಬಹಳ ಉಪಯುಕ್ತವಾದುದೇ. ಆದರೆ ಚಿತ್ತಾರದಲ್ಲಿ ಒಂದು ಹೂವನ್ನು ಬದಲಿಸಬೇಕಾದರೆ ಮಗ್ಗ ನಿಲ್ಲಿಸಬೇಕು, ಕಾರ್ಡುಗಳನ್ನು ಹೊಸದಾಗಿ ಕೊರೆದು ಮತ್ತೆ ಪೋಣಿಸಬೇಕು. ತಪ್ಪೇನಾದರೂ ಆಗಿದ್ದರೆ ಅದು ಗೊತ್ತಾಗುವುದು ನೇಯ್ದು ನೋಡಿದ ಮೇಲೆಯೇ.

1950ರ ದಶಕದ ಗಣಕಗಳೊಡನೆ ಕೆಲಸ ಮಾಡುವ ರೀತಿಯೂ ಹೀಗೆಯೇ ಇತ್ತು. ಕ್ರಮವಿಧಿಯನ್ನು ರಂಧ್ರ ಕಾರ್ಡುಗಳ ಮೇಲೆ ಕೊರೆದು ಕಟ್ಟು ಕಟ್ಟಿ ಗಣಕ ಕೇಂದ್ರಕ್ಕೆ ಕೊಡಬೇಕಿತ್ತು. ಸರದಿ ಬಂದಾಗ ಅದು ನಡೆದು, ಮುದ್ರಿತ ಹಾಳೆ ಗಂಟೆಗಳ ನಂತರ ಕೈಸೇರುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಅರ್ಧ ದಿನ ಹೋದಂತೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿದ್ದ ಐಬಿಎಂ 360/44 ಗಣಕವೂ ರಂಧ್ರ ಕಾರ್ಡುಗಳ ಕಾಲದ್ದೇ.

ಈ ಕಾಯುವಿಕೆಯನ್ನು ತಪ್ಪಿಸಿ, ಗಣಕದೊಡನೆ ನೇರವಾಗಿ ಪ್ರಶ್ನೋತ್ತರ ನಡೆಸುವ ಪದ್ಧತಿಯನ್ನು ಬೆಳೆಸಿದ ಭಾಷೆಗಳಲ್ಲಿ ಲಿಸ್ಪ್ ಪ್ರಮುಖವಾದುದು. ಕೊಳ್ಳೇಗಾಲ, ಹನೂರು ಅಥವಾ ಯಳಂದೂರಿನ ಒಂದು ಶಾಲೆಯಲ್ಲೋ ಕಾಲೇಜಿನಲ್ಲೋ ನೀವು ಲಿಸ್ಪ್ ಕಲಿಸಲು ಇಲ್ಲವೇ ಕಲಿಯಲು ಹೊರಟಿದ್ದೀರಿ ಎಂದುಕೊಳ್ಳಿ. ಕ್ರಮವಿಧಿ ಬರೆಯಲು ಯಾವ ಪಠ್ಯ ಸಂಪಾದಕ ಒಳ್ಳೆಯದು, ಅದಕ್ಕೆ ಯಾವ ಪ್ಲಗಿನ್ ಜೋಡಿಸಬೇಕು ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಪ್ಲಗಿನ್ ಎಂದರೆ ಒಂದು ತಂತ್ರಾಂಶಕ್ಕೆ ಹೊಸ ಸಾಮರ್ಥ್ಯ ಕೊಡಲು ಅದಕ್ಕೆ ಸೇರಿಸುವ ಚಿಕ್ಕ ತಂತ್ರಾಂಶ. ಹೆಸರುಗಳ ಪಟ್ಟಿ ಉದ್ದವಾಗಿದೆ. ಆಯ್ಕೆಗೆ ಸರಿಯಾದ ಮಾನದಂಡ ಬೇಕಾದರೆ ಈ ಪ್ಲಗಿನ್‌ಗಳು ಯಾವ ಸಮಸ್ಯೆಗೆ ಉತ್ತರವಾಗಿ ಹುಟ್ಟಿದವು ಎಂಬುದನ್ನು ತಿಳಿಯುವುದು ಅಗತ್ಯ.

ಓದು, ಲೆಕ್ಕಿಸು, ಮುದ್ರಿಸು

ಲಿಸ್ಪ್ ಭಾಷೆಯನ್ನು ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದರು. ಅದನ್ನು ವಿವರಿಸುವ ಅವರ ಪ್ರಬಂಧ 1960ರಲ್ಲಿ ಪ್ರಕಟವಾಯಿತು. ಲಿಸ್ಪ್‌ನಲ್ಲಿ ಬರೆದ ಯಾವುದೇ ಉಕ್ತಿಯ ಬೆಲೆಯನ್ನು ಕಂಡುಹಿಡಿಯುವ ಒಂದು ಫಂಕ್ಷನ್ನನ್ನು ಅವರು ಲಿಸ್ಪ್‌ನಲ್ಲೇ ಕಾಗದದ ಮೇಲೆ ಬರೆದಿದ್ದರು. ಅದನ್ನು ಐಬಿಎಂ 704ರ ಯಂತ್ರಭಾಷೆಗೆ ಇಳಿಸಿದವರು ಸ್ಟೀವ್ ರಸೆಲ್. ಹೀಗೆ ಲಿಸ್ಪ್‌ಗೆ ಮೊದಲ ಇಂಟರ್‌ಪ್ರಿಟರ್ ದೊರೆಯಿತು.

ಲಿಸ್ಪ್‌ನ ಬರವಣಿಗೆ ಸರಳವಾದುದು. ಮೊದಲು ಕ್ರಿಯೆ, ಅನಂತರ ಅದಕ್ಕೆ ಬೇಕಾದ ಬೆಲೆಗಳು, ಎಲ್ಲವೂ ಒಂದು ಆವರಣದೊಳಗೆ. ಉದಾಹರಣೆಗೆ, (+ 3 4) ಎಂದು ಬರೆದರೆ ಉತ್ತರ 7. (* 2 (+ 3 4)) ಎಂದು ಬರೆದರೆ ಒಳಗಿನ ಆವರಣದ ಉತ್ತರ ಮೊದಲು ಸಿದ್ಧವಾಗಿ, ಒಟ್ಟು 14 ಬರುತ್ತದೆ. ಪ್ರತಿಯೊಂದು ಉಕ್ತಿಯೂ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬುದನ್ನು ಆವರಣಗಳೇ ಹೇಳುತ್ತವೆ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಭಾಷೆ ಸಿದ್ಧವಾದರೂ ಕಾರ್ಡು ಕಟ್ಟುಗಳ ಕಾಟ ತಪ್ಪಿರಲಿಲ್ಲ. ಒಂದೇ ಗಣಕದ ಸಮಯವನ್ನು ಹಲವರಿಗೆ ಹಂಚಿ, ಪ್ರತಿಯೊಬ್ಬರೂ ಕೀಲಿಮಣೆಯ ಮುಂದೆ ಕುಳಿತು ಕೆಲಸ ಮಾಡುವಂತಾಗಬೇಕು ಎಂದು ಮೆಕಾರ್ಥಿಯವರೇ 1959ರಲ್ಲಿ ಸೂಚಿಸಿದರು. ಫರ್ನಾಂಡೋ ಕೊರ್ಬಾಟೊ ಅವರ ತಂಡ 1961ರಲ್ಲಿ ಅಂಥ ವ್ಯವಸ್ಥೆಯನ್ನು ಎಂಐಟಿಯಲ್ಲಿ ಪ್ರದರ್ಶಿಸಿತು. ಇದೇ ಕಾಲದಲ್ಲಿ ಪೀಟರ್ ಡಾಯ್ಚ್ ಎಂಬ ಹದಿಹರೆಯದ ಹುಡುಗ ಪಿಡಿಪಿ-1 ಎಂಬ ಚಿಕ್ಕ ಗಣಕಕ್ಕೆ ಲಿಸ್ಪ್ ಅಳವಡಿಸಿದ. ಬೆರಳಚ್ಚು ಮಾಡಿದ ಉಕ್ತಿಯನ್ನು ಓದುವುದು, ಲೆಕ್ಕಿಸುವುದು, ಉತ್ತರ ಮುದ್ರಿಸುವುದು, ಮತ್ತೆ ಮುಂದಿನ ಉಕ್ತಿಗೆ ಕಾಯುವುದು, ಇದು ಆ ಲಿಸ್ಪ್ ನಡೆಯುತ್ತಿದ್ದ ಕ್ರಮ. ಎಡ್ಮಂಡ್ ಬರ್ಕ್ಲಿ ಅವರೊಡನೆ ಡಾಯ್ಚ್ 1964ರಲ್ಲಿ ಬರೆದ ವರದಿ ಈ ಆವರ್ತನೆಗೆ ರೀಡ್-ಇವಾಲ್-ಪ್ರಿಂಟ್ ಎಂಬ ಹೆಸರನ್ನು ಬಳಸಿತು. ಇಂದು ಅದರ ಸಂಕ್ಷಿಪ್ತ ರೂಪ ರೆಪ್ಲ್. ಪೈಥಾನ್ ತೆರೆದಾಗ ನಿಮಗೆ ಕಾಣುವ ಮೂರು ಬಾಣದ ಗುರುತೂ ಇಂಥದೇ ಸಂವಾದಕ್ಕೆ ಕರೆ.

ಎರಡು ಪಂಥಗಳು

ರೆಪ್ಲ್‌ನಿಂದ ಒಂದು ಹೊಸ ಪ್ರಶ್ನೆ ಹುಟ್ಟಿತು. ಕೀಲಿಮಣೆಯಲ್ಲಿ ಬೆರಳಚ್ಚು ಮಾಡಿದ ಫಂಕ್ಷನ್ ಗಣಕದ ಸ್ಮೃತಿಯಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತಿದ್ದಬೇಕಾದರೆ ಎಲ್ಲಿ ತಿದ್ದಬೇಕು? ಸ್ಮೃತಿಯಲ್ಲಿರುವ ಜೀವಂತ ರೂಪದಲ್ಲೋ, ಡಿಸ್ಕ್‌ನಲ್ಲಿ ಉಳಿಯುವ ಪಠ್ಯ ಕಡತದಲ್ಲೋ?

ಸ್ಮೃತಿಯಲ್ಲೇ ತಿದ್ದೋಣ ಎಂದದ್ದು ಇಂಟರ್‌ಲಿಸ್ಪ್ ಪಂಥ. ವಾರೆನ್ ಟೈಟಲ್‌ಮನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಈ ವ್ಯವಸ್ಥೆಯಲ್ಲಿ ಸಂಪಾದಕವು ಅಕ್ಷರಗಳನ್ನು ತಿದ್ದುತ್ತಿರಲಿಲ್ಲ, ಪಟ್ಟಿಗಳ ರಚನೆಯನ್ನೇ ತಿದ್ದುತ್ತಿತ್ತು. ಕಾಗುಣಿತದ ಚಿಕ್ಕ ತಪ್ಪುಗಳನ್ನು ತಾನೇ ಸರಿಪಡಿಸುತ್ತಿತ್ತು. ಹಿಂದೆ ಕೊಟ್ಟ ಆದೇಶಗಳನ್ನು ನೆನಪಿಟ್ಟು ರದ್ದುಗೊಳಿಸುವ ಸೌಲಭ್ಯವೂ ಇತ್ತು. ಬದಲಾದ ಫಂಕ್ಷನ್‌ಗಳನ್ನು ಆಗಾಗ ಕಡತಕ್ಕೆ ಬರೆದಿಡಲು ಪ್ರತ್ಯೇಕ ಏರ್ಪಾಡು ಬೇಕಾಯಿತು.

ಕಡತವೇ ಮೂಲ ಎಂದದ್ದು ಎಂಐಟಿಯ ಮ್ಯಾಕ್‌ಲಿಸ್ಪ್ ಪಂಥ. ಇಲ್ಲಿ ಕ್ರಮವಿಧಿಯನ್ನು ಸಾಮಾನ್ಯ ಪಠ್ಯದಂತೆ ಸಂಪಾದಕದಲ್ಲಿ ಬರೆದು, ಬದಲಾದ ಭಾಗವನ್ನು ಲಿಸ್ಪ್‌ಗೆ ಒಪ್ಪಿಸುತ್ತಿದ್ದರು. ರಿಚರ್ಡ್ ಸ್ಟಾಲ್‌ಮನ್ ಮೊದಲಾದವರು 1976ರಲ್ಲಿ ರೂಪಿಸಿದ ಈಮ್ಯಾಕ್ಸ್ ಸಂಪಾದಕ ಇದೇ ಪ್ರಯೋಗಾಲಯದ ಕೂಸು. ಸ್ವೀಡನ್ನಿನ ಎರಿಕ್ ಸ್ಯಾಂಡೆವಾಲ್ 1978ರಲ್ಲಿ ಬರೆದ ಸಮೀಕ್ಷಾ ಲೇಖನದಲ್ಲಿ ಈ ಎರಡೂ ಪದ್ಧತಿಗಳನ್ನು ಹೋಲಿಸಿದರು.

ಈ ಎರಡೂ ಲಿಸ್ಪ್‌ಗಳು ಬೆಳೆದದ್ದು ಮುಖ್ಯವಾಗಿ ಪಿಡಿಪಿ-10 ವಂಶದ ಗಣಕಗಳ ಮೇಲೆ. ಅದೇ ವಂಶದ ಡಿಇಸಿ 1090 ಎಂಬ ಗಣಕ 1980ರ ದಶಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿತ್ತು. ಕಾರ್ಡು ಕಟ್ಟು ಕೊಟ್ಟು ಕಾಯುವ ಬದಲು ಹಲವರು ಟರ್ಮಿನಲ್‌ಗಳ ಮುಂದೆ ಕುಳಿತು ಏಕಕಾಲದಲ್ಲಿ ಕೆಲಸ ಮಾಡಲು ಅಂಥ ಗಣಕ ಅವಕಾಶ ಕೊಡುತ್ತಿತ್ತು.

ಕರೆಂಟ್ ಹೋದಾಗ ಏನು ಉಳಿಯುತ್ತದೆ?

ಕಡತವೋ ಸ್ಮೃತಿಯೋ ಎಂಬ ಈ ವಿವಾದ ಹಳೆಯದಾದರೂ ನಿಮ್ಮ ಪ್ರಯೋಗಾಲಯಕ್ಕೆ ನೇರವಾಗಿ ಸಂಬಂಧಿಸಿದೆ. ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. ಆದರೂ ಗಾಳಿ ಮಳೆಗೆ ಕರೆಂಟ್ ಹೋಗುವ ಅನುಭವ ಈ ಭಾಗದವರಿಗೆ ಹೊಸದೇನಲ್ಲ. ವಿದ್ಯಾರ್ಥಿಯೊಬ್ಬ ಒಂದು ಗಂಟೆ ರೆಪ್ಲ್‌ನಲ್ಲೇ ಕುಳಿತು ಹತ್ತು ಫಂಕ್ಷನ್‌ಗಳನ್ನು ಬೆರಳಚ್ಚು ಮಾಡಿದ್ದಾನೆ ಎನ್ನೋಣ. ಯುಪಿಎಸ್ ಇಲ್ಲದ ಗಣಕವಾದರೆ ಕರೆಂಟ್ ಹೋದ ಕ್ಷಣದಲ್ಲಿ ಹತ್ತೂ ಹೋದವು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ವಿದ್ಯಾರ್ಥಿ ವರ್ಗಮೂಲ ಕಂಡುಹಿಡಿಯುವ ಫಂಕ್ಷನ್ ಒಂದನ್ನು ಬರೆದು ಲಿಸ್ಪ್‌ಗೆ ಕಳುಹಿಸುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಕಡತದಿಂದ ಅದನ್ನು ಅಳಿಸುತ್ತಾನೆ, ಆದರೆ ಬೇರೊಂದು ಫಂಕ್ಷನ್ ಇನ್ನೂ ಅದನ್ನು ಬಳಸುತ್ತಿರುತ್ತದೆ. ಸ್ಮೃತಿಯಲ್ಲಿ ಹಳೆಯದು ಉಳಿದೇ ಇರುವುದರಿಂದ ಎಲ್ಲವೂ ಸರಿಯಾಗಿ ನಡೆಯುತ್ತದೆ. ಮರುದಿನ ಗಣಕ ತೆರೆದು ಕಡತ ಓಡಿಸಿದರೆ ದೋಷ. "ಸರ್, ನಿನ್ನೆ ಸರಿಯಾಗಿತ್ತು" ಎಂಬ ಅವನ ಮಾತು ನಿಜವೇ. ನಿನ್ನೆ ನಡೆದದ್ದು ಸ್ಮೃತಿಯಲ್ಲಿದ್ದ ಕ್ರಮವಿಧಿ, ಇಂದು ಓಡುತ್ತಿರುವುದು ಕಡತದಲ್ಲಿರುವ ಕ್ರಮವಿಧಿ. ಪೈಥಾನ್ ಕಲಿಸುವ ಶಿಕ್ಷಕರು ಜುಪಿಟರ್ ನೋಟ್‌ಬುಕ್‌ನಲ್ಲಿ ಕೋಶಗಳನ್ನು ಹಿಂದುಮುಂದಾಗಿ ಓಡಿಸಿದಾಗ ಇದೇ ಗೊಂದಲವನ್ನು ಕಂಡಿರುತ್ತಾರೆ.

ಸೇತುವೆಯಾದ ಪ್ಲಗಿನ್

ಎರಡು ಪಂಥಗಳ ಲಾಭವನ್ನೂ ಒಟ್ಟಿಗೆ ಪಡೆಯಲು ಸಾಧ್ಯವೇ? ಬರೆಯುವುದು ಕಡತದಲ್ಲಿ, ಆದರೆ ಪ್ರತಿ ಉಕ್ತಿಯನ್ನೂ ಒಂದೇ ಕೀಲಿಯೊತ್ತಿನಿಂದ ನಡೆಯುತ್ತಿರುವ ಲಿಸ್ಪ್‌ಗೆ ಕಳುಹಿಸಿ ಉತ್ತರ ಪಡೆಯುವುದು. ಆಗ ಬೆರಳಚ್ಚು ಮಾಡಿದ್ದೆಲ್ಲ ಕಡತದಲ್ಲಿ ದಾಖಲಾಗುತ್ತದೆ, ಉತ್ತರವೂ ಕೂಡಲೇ ಸಿಗುತ್ತದೆ. ಇಂದಿನ ಲಿಸ್ಪ್ ಪ್ಲಗಿನ್‌ಗಳೆಲ್ಲ ಮಾಡುವ ಮೂಲಭೂತ ಕೆಲಸ ಇದೇ. ಉಕ್ತಿಯ ಆದಿ ಅಂತ್ಯಗಳನ್ನು ಆವರಣಗಳೇ ತೋರಿಸುವುದರಿಂದ ಏನನ್ನು ಕಳುಹಿಸಬೇಕೆಂದು ಸಂಪಾದಕಕ್ಕೆ ಸುಲಭವಾಗಿ ತಿಳಿಯುತ್ತದೆ.

ಸ್ಟಾಲ್‌ಮನ್ 1985ರಲ್ಲಿ ಬಿಡುಗಡೆ ಮಾಡಿದ ಗ್ನೂ ಈಮ್ಯಾಕ್ಸ್‌ನ ಬಹುಭಾಗ ಲಿಸ್ಪ್‌ನ ಒಂದು ಪ್ರಭೇದದಲ್ಲೇ ಇರುವುದರಿಂದ ಇಂಥ ಪ್ರಯೋಗಗಳಿಗೆ ಅದು ಅನುಕೂಲವಾಯಿತು. ಲ್ಯೂಕ್ ಗೊರಿ, ಹೆಲ್ಮುಟ್ ಎಲರ್ ಮೊದಲಾದವರು 2003ರಲ್ಲಿ ಆರಂಭಿಸಿದ ಸ್ಲೈಮ್ ಇವುಗಳಲ್ಲಿ ಹೆಸರುವಾಸಿ. ಇದರಲ್ಲಿ ಎರಡು ಭಾಗಗಳಿವೆ. ಒಂದು ಈಮ್ಯಾಕ್ಸ್‌ನ ಒಳಗಿರುತ್ತದೆ. ಸ್ವ್ಯಾಂಕ್ ಎಂಬ ಇನ್ನೊಂದು ಭಾಗ ನಡೆಯುತ್ತಿರುವ ಕಾಮನ್ ಲಿಸ್ಪ್‌ನ ಒಳಗೆ ಕುಳಿತಿರುತ್ತದೆ. ಇವೆರಡೂ ಜಾಲ ಸಂಪರ್ಕದ ಮೂಲಕ ಸಂದೇಶ ಕಳುಹಿಸಿಕೊಳ್ಳುತ್ತವೆ.

ಈ ವಿಭಜನೆಯ ಲಾಭ ಮುಂದೆ ಗೊತ್ತಾಯಿತು. ಸ್ವ್ಯಾಂಕ್ ಪ್ರತ್ಯೇಕವಾಗಿದ್ದುದರಿಂದ ವಿಮ್ ಸಂಪಾದಕಕ್ಕೆ ಸ್ಲಿಮ್‌ವಿ, ವ್ಲೈಮ್ ಎಂಬ ಪ್ಲಗಿನ್‌ಗಳು ಅದೇ ಸ್ವ್ಯಾಂಕ್ ಬಳಸಿ ಸಿದ್ಧವಾದವು. ಆಟಮ್ ಎಂಬ ಸಂಪಾದಕಕ್ಕೂ ಸ್ಲೈಮಾ ಎಂಬುದು ಬಂತು. ಆಟಮ್‌ನ ಅಭಿವೃದ್ಧಿ 2022ರಲ್ಲಿ ನಿಂತುಹೋಯಿತು, ಸ್ವ್ಯಾಂಕ್ ನಿಲ್ಲಲಿಲ್ಲ. ರಿಚ್ ಹಿಕಿ 2007ರಲ್ಲಿ ಹೊರತಂದ ಕ್ಲೋಷರ್ ಎಂಬ ಲಿಸ್ಪ್‌ಗೂ ಇಂಥದೇ ಕಥೆಯಿದೆ. ಎನ್-ರೆಪ್ಲ್ ಎಂಬ ಸಾಮಾನ್ಯ ಒಪ್ಪಂದವನ್ನೇ ಬಳಸಿ ಈಮ್ಯಾಕ್ಸ್‌ಗೆ ಸೈಡರ್, ವಿಎಸ್ ಕೋಡ್‌ಗೆ ಕಾಲ್ವಾ ಬೆಳೆದವು. ಸಂಪಾದಕಗಳು ಬರುತ್ತವೆ, ಹೋಗುತ್ತವೆ. ಸಂದೇಶಗಳ ಒಪ್ಪಂದ ಉಳಿದರೆ ನೀವು ಕಲಿತ ಕೆಲಸದ ಕ್ರಮವೂ ಉಳಿಯುತ್ತದೆ.

ಕಲಿಯುವವರಿಗಾಗಿ ಬೇರೆಯೇ ದಾರಿ ಹಿಡಿದವರೂ ಉಂಟು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಮಥಾಯಸ್ ಫೆಲೈಸೆನ್ ಅವರ ತಂಡ 1990ರ ದಶಕದಲ್ಲಿ ರೂಪಿಸಿದ ಡಾಕ್ಟರ್‌ಸ್ಕೀಮ್ ಇಂದು ಡಾಕ್ಟರ್‌ರ‍್ಯಾಕೆಟ್ ಎಂಬ ಹೆಸರಿನಲ್ಲಿದೆ. ಇದರಲ್ಲಿ ಕ್ರಮವಿಧಿ ಬರೆಯಲು ಒಂದು ಕಿಟಕಿ, ಪ್ರಶ್ನೋತ್ತರಕ್ಕೆ ಇನ್ನೊಂದು. ರನ್ ಗುಂಡಿ ಒತ್ತಿದಾಗಲೆಲ್ಲ ಹಳೆಯ ಸ್ಮೃತಿಯನ್ನು ಪೂರ್ಣವಾಗಿ ಒರೆಸಿ, ಬರೆದಿರುವ ಪಠ್ಯವನ್ನು ಮೊದಲಿನಿಂದ ಓಡಿಸುತ್ತದೆ. ಅಳಿಸಿದ ಫಂಕ್ಷನ್ ಮರೆಯಲ್ಲಿ ಉಳಿದು ಮೋಸ ಮಾಡುವ ಸಂಭವವೇ ಇಲ್ಲ. ದೊಡ್ಡ ಕ್ರಮವಿಧಿಯನ್ನು ನಿಲ್ಲಿಸದೆಯೇ ತಿದ್ದುವ ಸೌಲಭ್ಯವನ್ನು ಇದಕ್ಕಾಗಿ ಬಿಟ್ಟುಕೊಡಬೇಕಾಗುತ್ತದೆ.

ಆಯ್ಕೆ ಹೇಗೆ?

ಯಾವುದೇ ಪ್ಲಗಿನ್ ಆರಿಸುವ ಮುನ್ನ ನಾಲ್ಕು ಪರೀಕ್ಷೆಗಳನ್ನು ನೀವೇ ಮಾಡಿ ನೋಡಿ.

ಮೊದಲನೆಯದು, ಕರ್ಸರ್ ಇರುವ ಉಕ್ತಿಯನ್ನು ಕಡತದಿಂದಲೇ ಕಳುಹಿಸಿ ಉತ್ತರ ಪಡೆಯಲು ಆಗುತ್ತದೆಯೇ? ನಕಲು ಮಾಡಿ ಅಂಟಿಸಬೇಕಾಗಿ ಬಂದರೆ ಆ ಪ್ಲಗಿನ್‌ನಿಂದ ಪ್ರಯೋಜನ ಕಡಿಮೆ.

ಎರಡನೆಯದು, ಆವರಣಗಳು ಸರಿದೂಗುವಂತೆ ನೋಡಿಕೊಳ್ಳುತ್ತದೆಯೇ? ಹೊಸಬರಿಗೆ ಲಿಸ್ಪ್ ಕಷ್ಟವೆನಿಸುವುದು ಹೆಚ್ಚಾಗಿ ಇಲ್ಲೇ. ಈಮ್ಯಾಕ್ಸ್‌ನ ಪ್ಯಾರೆಡಿಟ್‌ನಂಥ ನೆರವುಗಳು ತೆರೆದ ಆವರಣವನ್ನು ತಾವೇ ಮುಚ್ಚುತ್ತವೆ.

ಮೂರನೆಯದು, ಬೇಕೆಂದೇ (/ 1 0) ಎಂದು ಕಳುಹಿಸಿ. ದೋಷ ಎಲ್ಲಿ, ಯಾವ ಕರೆಯಿಂದ ಬಂತು ಎಂಬುದು ಸಂಪಾದಕದಲ್ಲೇ ತಿಳಿಯಬೇಕು.

ನಾಲ್ಕನೆಯದು, ಲಿಸ್ಪ್‌ಅನ್ನು ಮುಚ್ಚಿ ಮತ್ತೆ ತೆರೆದು, ಕಡತವನ್ನು ಮೊದಲಿನಿಂದ ಓಡಿಸುವುದು ಸುಲಭವೇ? ಕಷ್ಟವಾದರೆ ವಿದ್ಯಾರ್ಥಿಗಳು ಅದನ್ನು ಮಾಡುವುದೇ ಇಲ್ಲ.

ಈ ದೃಷ್ಟಿಯಿಂದ, ಮೊದಲ ಬಾರಿಗೆ ಕಲಿಯುವ ಶಾಲಾ ವಿದ್ಯಾರ್ಥಿಗಳಿಗೆ ಡಾಕ್ಟರ್‌ರ‍್ಯಾಕೆಟ್ ಸೂಕ್ತ. ಅದಕ್ಕೆ ಪ್ಲಗಿನ್ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಕಾಮನ್ ಲಿಸ್ಪ್ ಕಲಿಯುವ ಕಾಲೇಜು ವಿದ್ಯಾರ್ಥಿಗಳಿಗೆ ಈಮ್ಯಾಕ್ಸ್ ಮತ್ತು ಸ್ಲೈಮ್, ಇಲ್ಲವೇ ಅದರಿಂದಲೇ ಕವಲೊಡೆದ ಸ್ಲೈ ಒಳ್ಳೆಯದು. ವಿಮ್ ಆಗಲೇ ಬಲ್ಲವರು ಸಂಪಾದಕ ಬದಲಿಸಬೇಕಾಗಿಲ್ಲ, ವ್ಲೈಮ್ ಸಾಕು. ವಿಎಸ್ ಕೋಡ್‌ಗೆ ಒಗ್ಗಿದವರು ಕ್ಲೋಷರ್ ಮತ್ತು ಕಾಲ್ವಾದಿಂದ ಆರಂಭಿಸಬಹುದು. ಇವೆಲ್ಲವೂ ಉಚಿತವಾಗಿ ಸಿಗುವ ತಂತ್ರಾಂಶಗಳು. ಸ್ವ್ಯಾಂಕ್ ಸಂಪರ್ಕವನ್ನು ಮಾತ್ರ ಅದೇ ಗಣಕಕ್ಕೆ ಸೀಮಿತವಾಗಿಡಿ. ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರೆ ಬೇರೆಯವರು ನಿಮ್ಮ ಗಣಕದಲ್ಲಿ ಏನನ್ನು ಬೇಕಾದರೂ ಓಡಿಸಬಹುದು.

ಈಮ್ಯಾಕ್ಸ್ ಆರಿಸಿದವರು ಕಂಟ್ರೋಲ್ ಕೀಲಿಯೊಡನೆ ಎಚ್ ಒತ್ತಿ, ಅನಂತರ ಇನ್ನೊಮ್ಮೆ ಎಚ್ ಒತ್ತಿ ನೋಡಿ. ಜಗತ್ತಿನ ಹಲವು ಭಾಷೆಗಳ ವಂದನೆಗಳ ಪಟ್ಟಿಯಲ್ಲಿ ನಮ್ಮ ನಮಸ್ಕಾರವೂ ಇದೆ. ಕನ್ನಡ ಬೆರಳಚ್ಚಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಅದರಲ್ಲಿದೆ. ಹೀಗಾಗಿ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲೇ ಬರೆಯಬಹುದು.

ಪ್ಲಗಿನ್ ಯಾವುದೇ ಇರಲಿ, ಒಂದು ಅಭ್ಯಾಸವನ್ನು ತರಗತಿಯಲ್ಲಿ ಕಡ್ಡಾಯಗೊಳಿಸಿ. ಪ್ರತಿ ಪ್ರಯೋಗದ ಅವಧಿ ಮುಗಿಯುವ ಐದು ನಿಮಿಷ ಮೊದಲು ಎಲ್ಲರೂ ಕಡತ ಉಳಿಸಿ, ಲಿಸ್ಪ್ ಮುಚ್ಚಿ, ಮತ್ತೆ ತೆರೆದು ಕಡತವನ್ನು ಓಡಿಸಲಿ. ಉತ್ತರ ಹಾಗೆಯೇ ಬಂದರೆ ಆ ದಿನದ ಕೆಲಸ ಉಳಿಯಿತು ಎಂದರ್ಥ. ಬಾರದಿದ್ದರೆ, ಏನು ಬಿಟ್ಟುಹೋಗಿದೆ ಎಂಬುದು ಇನ್ನೂ ನೆನಪಿನಲ್ಲಿರುವಾಗಲೇ ತಿದ್ದಿಕೊಳ್ಳಬಹುದು.