ಇವತ್ತು ತಾರೀಖು ಎಷ್ಟು?

ನನ್ನ ರೂಮ್‌ಮೇಟ್ ಬೆಳಗ್ಗೆ ಎದ್ದ ತಕ್ಷಣ ಕೇಳುವ ಪ್ರಶ್ನೆ ಇದು. ಸಂಬಳಕ್ಕೆ ಇನ್ನೆಷ್ಟು ದಿನ ಅಂತ ಲೆಕ್ಕ ಹಾಕ್ತಿದಾನೆ ಅಂದುಕೊಂಡಿದ್ದೆ (ನಾನು ಹಾಕೋದು ಅದನ್ನೇ ಬಿಡಿ). ಆಮೇಲೆ ಗೊತ್ತಾಯ್ತು, ಅವನು ಬೈಬಲ್ಲಿನ ಕೀರ್ತನೆಗಳನ್ನು ತಾರೀಖಿನ ಪ್ರಕಾರ ಓದುತ್ತಾನೆ ಅಂತ. 12ನೇ ತಾರೀಖಾದರೆ ಬೆಳಗ್ಗೆ 62ರಿಂದ 64, ಸಂಜೆ 65ರಿಂದ 67. ಅವನ ಅಜ್ಜಿ ತಮ್ಮ ಕನ್ನಡ ಬೈಬಲ್ಲಿನ ಕೊನೆಯ ಖಾಲಿ ಹಾಳೆಯಲ್ಲಿ ಇಡೀ ಪಟ್ಟಿ ಬರೆದಿಟ್ಟಿದ್ದರಂತೆ.

"ಮನಸ್ಸು ಸರಿಯಿಲ್ಲದ ದಿನಾನೂ ಪಟ್ಟೀಲಿ ಇರೋದನ್ನೇ ಓದ್ತೀಯಾ?" ಅಂತ ಕೇಳಿದೆ.

"ತಾರೀಖಿಗೂ ನನ್ನ ಮನಸ್ಸಿಗೂ ಏನು ಸಂಬಂಧ ಗುರು?" ಅಂದ.

ಈ ಮಾತು ತಲೆಯಲ್ಲೇ ಕೂತುಬಿಟ್ಟಿತು. ಪ್ರಾರ್ಥನೆ ಅಂದರೆ ಮನಸ್ಸಿನಿಂದ ಬರಬೇಕಾದದ್ದು, ಅದಕ್ಕೆ ಟೈಮ್‌ಟೇಬಲ್ ಹಾಕಿದ್ದು ಯಾರು? ಹುಡುಕುತ್ತಾ ಹೋದೆ. ಸಿಕ್ಕಿದ್ದು ಸಾವಿರದ ಐನೂರು ವರ್ಷಕ್ಕೂ ಮೀರಿದ ಕಥೆ.

ಕೀರ್ತನೆಗಳು ಒಟ್ಟು 150. ಮೂಲತಃ ಯೆಹೂದ್ಯರ ಹೀಬ್ರೂ ಹಾಡುಗಳು. 73ರ ತಲೆಬರಹದಲ್ಲಿ ದಾವೀದನ ಹೆಸರಿದೆ. ಕೀರ್ತನೆ ಅಂದ ತಕ್ಷಣ ನಮಗೆ ನೆನಪಾಗೋದು ದಾಸರು. ದಾಸರ ನಿಂದಾಸ್ತುತಿ ಕೇಳಿದವರಿಗೆ ಇವು ಹೊಸದೆನಿಸುವುದಿಲ್ಲ. ಇಲ್ಲೂ ಬರೀ ಹೊಗಳಿಕೆ ಇಲ್ಲ. ದೂರು, ಜಗಳ, ಯಾಕೆ ಸುಮ್ಮನಿದ್ದೀಯ ಅಂತ ದೇವರನ್ನೇ ತರಾಟೆಗೆ ತೆಗೆದುಕೊಳ್ಳೋದು ಎಲ್ಲಾ ಇದೆ. 88ನೆಯದಂತೂ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಇದನ್ನು ಈಗಿನ ಕ್ಯಾಥೊಲಿಕ್ ಕ್ರಮದಲ್ಲಿ ಇಟ್ಟಿರೋದು ಶುಕ್ರವಾರ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಗೆ. ನಾವೆಲ್ಲ ವೀಕೆಂಡ್ ಬಂತು ಅಂತ ಕುಣಿಯೋ ಹೊತ್ತಿಗೆ!

ಮೊದಲು ಲೆಕ್ಕ ಇಟ್ಟವರಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಮುಖ್ಯರು. ಅವರನ್ನು ಕಣ್ಣಾರೆ ಕಂಡ ಜಾನ್ ಕ್ಯಾಸಿಯನ್ ಐದನೇ ಶತಮಾನದ ಆರಂಭದಲ್ಲಿ ಅವರ ಬಗ್ಗೆ ಬರೆದ. ರಾತ್ರಿಗೆ ಹನ್ನೆರಡು ಕೀರ್ತನೆ. ಆದರೆ ಓಡಿಸುವಂತಿಲ್ಲ. ಉದ್ದದ್ದಾದರೆ ಎರಡು ಮೂರು ತುಂಡು ಮಾಡಿ, ನಡುವೆ ಮೌನವಾಗಿ ಪ್ರಾರ್ಥಿಸುತ್ತಿದ್ದರು. ಗಲಿಬಿಲಿಯಲ್ಲಿ ಇಡೀ ಕೀರ್ತನೆ ಮುಗಿಸೋದಕ್ಕಿಂತ ತಿಳಿದು ಹೇಳಿದ ಹತ್ತು ಸಾಲು ಮೇಲು ಅನ್ನೋದು ಅವರ ಲೆಕ್ಕ. ಇನ್ನೂ ಮುಂದೆ ಹೋಗಿ, 70ನೇ ಕೀರ್ತನೆಯ ಆರಂಭದ ಒಂದೇ ಒಂದು ಮೊರೆಯನ್ನು ಹಗಲು ರಾತ್ರಿ, ಕೆಲಸ ಮಾಡುವಾಗಲೂ ನಿದ್ದೆಗೆ ಜಾರುವಾಗಲೂ ಹೇಳುತ್ತಿರಬೇಕೆಂಬ ಉಪದೇಶವನ್ನೂ ಕ್ಯಾಸಿಯನ್ ದಾಖಲಿಸಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಜಪ.

ಒಂದನೇ ಕೀರ್ತನೆಯಲ್ಲಿ 'ಧ್ಯಾನ' ಅಂತ ಅನುವಾದವಾಗುವ ಹೀಬ್ರೂ ಪದ 'ಹಾಗಾ'. ಅದರ ಅರ್ಥ ಕಣ್ಮುಚ್ಚಿ ಕೂರೋದಲ್ಲ, ಗೊಣಗೋದು. ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ ಯೆಶಾಯನ ಪುಸ್ತಕದಲ್ಲಿ ಇದೇ ಪದ. ಮಧ್ಯಯುಗದ ಸನ್ಯಾಸಿಗಳು ಇದಕ್ಕೆ ಹಸು ಮೇವನ್ನು ಮತ್ತೆ ಬಾಯಿಗೆ ತಂದು ಅಗಿಯುವ ಹೋಲಿಕೆ ಕೊಟ್ಟರು. ನಾವು ನೆನಪುಗಳನ್ನು ಮೆಲುಕು ಹಾಕ್ತೀವಲ್ಲ, ಥೇಟ್ ಅದೇ.

ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಮಠಕ್ಕೆ ನಿಯಮಾವಳಿ ಬರೆದಾಗ 150ನ್ನೂ ಒಂದು ವಾರಕ್ಕೆ ಹಂಚಿದ. ನನ್ನ ಹಂಚಿಕೆ ಇಷ್ಟವಾಗದಿದ್ದರೆ ಬೇರೆ ಮಾಡಿಕೊಳ್ಳಿ, ಆದರೆ ವಾರದಲ್ಲಿ ಎಲ್ಲವೂ ಮುಗಿಯಬೇಕು, ಹಿರಿಯರು ಒಂದೇ ದಿನದಲ್ಲಿ ಮುಗಿಸುತ್ತಿದ್ದರು ಅಂತ ಚುಚ್ಚುತ್ತಾನೆ. ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ರಾತ್ರಿ ಪ್ರಾರ್ಥನೆಯ ಆರಂಭದ 95ನೇ ಕೀರ್ತನೆಯನ್ನು ಬೇಕೆಂದೇ ನಿಧಾನವಾಗಿ ಹಾಡಬೇಕಂತೆ, ತಡವಾಗಿ ಎದ್ದವರು ಬಂದು ಸೇರಿಕೊಳ್ಳಲಿ ಅಂತ! ಬೆಳಗಿನ ಮೀಟಿಂಗಿಗೆ ದಿನಾ ಲೇಟಾಗುವ ನನ್ನಂಥವರ ಮೇಲೆ ಇಂಥ ಕರುಣೆ ಇಟ್ಟವರನ್ನು ನಾನಿನ್ನೂ ನೋಡಿಲ್ಲ.

ಓದಲು ಬಾರದ ಜನ 150 ಕೀರ್ತನೆಗಳ ಬದಲು ಅಷ್ಟೇ ಸಲ ಸಣ್ಣ ಪ್ರಾರ್ಥನೆಯೊಂದನ್ನು ಮಣಿ ಎಣಿಸುತ್ತಾ ಹೇಳತೊಡಗಿದರು. ಜಪಸರದ 150ರ ಲೆಕ್ಕ ಬಂದದ್ದು ಹೀಗೆ.

ಅಜ್ಜಿಯ ಪಟ್ಟಿ ಬಂದದ್ದು ಇಂಗ್ಲೆಂಡಿನಿಂದ. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಸಾಮಾನ್ಯ ಪ್ರಾರ್ಥನಾ ಪುಸ್ತಕವನ್ನು ತಂದ. ಕೆಲವೇ ಕೀರ್ತನೆ ಓದಿ ಉಳಿದದ್ದು ಬಿಡ್ತಾರೆ, ಓದೋದಕ್ಕಿಂತ ಏನು ಓದಬೇಕು ಅಂತ ಹುಡುಕೋದೇ ದೊಡ್ಡ ಕೆಲಸ ಆಗಿದೆ ಅಂತ ಮುನ್ನುಡಿಯಲ್ಲೇ ದೂರು. ಆತನ ಪರಿಹಾರ ಸರಳ: ಮೂವತ್ತು ದಿನ, ದಿನಕ್ಕೆರಡು ಹೊತ್ತು, ಅರವತ್ತು ಭಾಗ. ಮಠದ ಗೋಡೆಯೊಳಗಿದ್ದ ಕ್ರಮ ಹೊಲಕ್ಕೆ, ಅಂಗಡಿಗೆ ಹೋಗುವವರ ಕೈಗೂ ಸಿಗುವಂತಾಯಿತು. ಪ್ರೋಗ್ರಾಮರ್ ಕಣ್ಣಿಗೆ ಇಲ್ಲೊಂದು ಬಗ್ ಕಾಣುತ್ತೆ. ಫೆಬ್ರವರಿ? 1662ರ ಆವೃತ್ತಿ 28ಕ್ಕೋ 29ಕ್ಕೋ ನಿಲ್ಲಿಸಿ ಅನ್ನುತ್ತೆ. ಅಲ್ಲಿಗೆ 28 ದಿನದ ಫೆಬ್ರವರಿಯಲ್ಲಿ ಕೊನೆಯ ಹನ್ನೆರಡು ಕೀರ್ತನೆ ಖೋತಾ! 31ನೇ ತಾರೀಖಿಗೆ 30ರದ್ದೇ ರಿಪೀಟು.

ನಿಜವಾದ ಕಷ್ಟ ಬೇರೆ ಕಡೆ ಇದೆ. ಪಟ್ಟಿಯ ಪ್ರಕಾರ 22ನೇ ತಾರೀಖು ಸಂಜೆ 109ನೇ ಕೀರ್ತನೆ ಬರುತ್ತದೆ. ಅದು ಶಾಪ. ಶತ್ರುವಿನ ಮಕ್ಕಳು ಅನಾಥರಾಗಲಿ, ಭಿಕ್ಷೆ ಬೇಡಲಿ ಅನ್ನುವಂಥದ್ದು. ಇದನ್ನು ದೇವರ ಮುಂದೆ ಹೇಗೆ ಹೇಳೋದು? 1971ರಲ್ಲಿ ಪೋಪ್ ಆರನೇ ಪಾಲ್ ಕಾಲದ ಹೊಸ ಕ್ಯಾಥೊಲಿಕ್ ಕ್ರಮ ನಾಲ್ಕು ವಾರದ ಆವರ್ತಕ್ಕೆ ಬಂದಾಗ 58, 83, 109 ಈ ಮೂರನ್ನೂ, ಬೇರೆ ಕೆಲವು ಕೀರ್ತನೆಗಳ ಕಟು ಸಾಲುಗಳನ್ನೂ ಕೈಬಿಟ್ಟರು. ಮನಸ್ಸಿಗೆ ಕಷ್ಟವಾಗುತ್ತದೆ ಎಂಬ ಕಾರಣ.

ನನಗೂ ಮೊದಲು ಸರಿ ಅನ್ನಿಸಿತ್ತು. ಡೀಟ್ರಿಚ್ ಬಾನ್‌ಹಾಫರ್ ಬಗ್ಗೆ ಓದಿದ ಮೇಲೆ ಅಷ್ಟು ಖಾತ್ರಿಯಿಲ್ಲ. ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಈತ. 1937ರ ಜುಲೈಯಲ್ಲಿ, ಸಹಪಾದ್ರಿ ಮಾರ್ಟಿನ್ ನೀಮೋಲರ್ ಬಂಧನವಾದ ಹತ್ತೇ ದಿನಕ್ಕೆ, ಬಾನ್‌ಹಾಫರ್ ಉಪದೇಶಕ್ಕೆ ಆರಿಸಿಕೊಂಡದ್ದು ಅದೇ 58ನೇ ಕೀರ್ತನೆ. ಸೇಡನ್ನು ದೇವರಿಗೆ ಒಪ್ಪಿಸುವುದೆಂದರೆ ಅದನ್ನು ತನ್ನ ಕೈಯಿಂದ ಬಿಡುವುದು ಅನ್ನೋದು ಅವನ ವಾದ. ಮುಂದೆ ಅದೇ ಮನುಷ್ಯ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ, ನಾನಂತೂ ಇನ್ನೂ ಯೋಚಿಸುತ್ತಿದ್ದೇನೆ.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ದೇವರ ಮಂದಿರಗಳನ್ನು ಸುಟ್ಟರೆಂದು ಗೋಳಿಡುವ 74ನೇ ಕೀರ್ತನೆಯ ಸಾಲಿನ ಪಕ್ಕ ಬಾನ್‌ಹಾಫರ್ ತನ್ನ ಬೈಬಲ್ಲಿನಲ್ಲಿ ಬರೆದದ್ದು ಒಂದು ತಾರೀಖು ಮಾತ್ರ: 9.11.38. 1943ರಲ್ಲಿ ಬರ್ಲಿನ್ನಿನ ಟೇಗಲ್ ಜೈಲಿನಿಂದ ಅಪ್ಪ ಅಮ್ಮನಿಗೆ ಬರೆದ ಪತ್ರದಲ್ಲಿ, ವರ್ಷಗಳಿಂದ ಮಾಡುತ್ತಿರುವಂತೆ ಇಲ್ಲೂ ದಿನಾ ಕೀರ್ತನೆ ಓದುತ್ತಿದ್ದೇನೆ ಅನ್ನುತ್ತಾನೆ. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು.

ಬಾನ್‌ಹಾಫರ್ ಲೂಥರನ್, ಇಂಗ್ಲಿಷರ ತಿಂಗಳ ಪಟ್ಟಿಗೂ ಅವನಿಗೂ ಸಂಬಂಧವಿಲ್ಲ. ಆದರೂ ಮೊನ್ನೆ ರಾತ್ರಿ ರೂಮ್‌ಮೇಟ್‌ನ ಬೈಬಲ್ ತೆಗೆದು, ಕೊನೆಯ ಹಾಳೆಯಲ್ಲಿ 9ನೇ ತಾರೀಖು ಬೆಳಗ್ಗೆ ಏನಿದೆ ಅಂತ ನೋಡಿದೆ. ಅಜ್ಜಿಯ ದುಂಡನೆಯ ಅಕ್ಷರದಲ್ಲಿ 44ರಿಂದ 46 ಅಂತಿತ್ತು. 44 ತೆರೆದೆ. ನಿನಗಾಗಿ ದಿನಾ ಕುರಿಗಳಂತೆ ಸಾಯುತ್ತಿದ್ದೇವೆ, ನೀನು ನಿದ್ದೆ ಮಾಡ್ತಿದೀಯಾ, ಏಳು ಅಂತ ಜನ ದೇವರನ್ನು ಕೂಗುವ ಕೀರ್ತನೆ ಅದು.

ಅವನು ಮಲಗಿದ್ದ. ಬೆಳಗ್ಗೆ ಕೇಳಿದಾಗ ತಾರೀಖು ಹೇಳಿದೆ, ಇದನ್ನೂ ಹೇಳಿದೆ. "ಅಜ್ಜಿ 44ನ್ನ ಯಾವಾಗಲೂ ಜೋರಾಗಿ ಓದೋರು" ಅಂದ.