ಮೆಲೊಂಗೆನೊ ಎಂಬ ಬದನೆಕಾಯಿ

ವಾರ್ಸಾದಲ್ಲಿದ್ದ ಕಣ್ಣಿನ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಎಸ್ಪೆರಾಂಟೊ ಎಂಬ ಹೊಸ ಭಾಷೆಯನ್ನು ಲೋಕದ ಮುಂದಿಟ್ಟ. ಅವನು ಹುಟ್ಟಿದ ಬಿಯಾಲಿಸ್ಟಾಕ್ ಊರಿನಲ್ಲಿ ರಷ್ಯನ್ನರು, ಪೋಲರು, ಜರ್ಮನರು, ಯೆಹೂದ್ಯರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಯಾವ ಜನಾಂಗದ ಸ್ವತ್ತೂ ಅಲ್ಲದ ಭಾಷೆಯೊಂದಿದ್ದರೆ ಈ ಜಗಳ ತಗ್ಗೀತು ಎಂಬುದು ಅವನ ಆಸೆ.

ಆ ಭಾಷೆಯಲ್ಲಿ ಬದನೆಕಾಯಿಗೆ 'ಮೆಲೊಂಗೆನೊ' ಎನ್ನುತ್ತಾರೆ. ಎಸ್ಪೆರಾಂಟೊದ ನಾಮಪದಗಳೆಲ್ಲ ಒಕಾರದಲ್ಲಿ ಮುಗಿಯುತ್ತವೆ. ಅದನ್ನು ತೆಗೆದರೆ ಉಳಿಯುವುದು 1753ರಲ್ಲಿ ಲಿನಿಯಸ್ ಬದನೆಗಿಡಕ್ಕೆ ಕೊಟ್ಟ 'ಸೊಲಾನಮ್ ಮೆಲೊಂಗೆನಾ' ಎಂಬ ಹೆಸರಿನ ಉತ್ತರಾರ್ಧ. ಅದೂ ಲಿನಿಯಸ್ ಹುಟ್ಟಿಸಿದ ಪದವಲ್ಲ. ಹಳೆಯ ಸಸ್ಯಗ್ರಂಥಗಳಲ್ಲಿ ಆಗಲೇ ಇತ್ತು.

ಅದರ ಹಿಂದೆ ಹೋದರೆ ದಾರಿ ಪೂರ್ವಕ್ಕೆ ತಿರುಗುತ್ತದೆ. ಅರಬರು ಈ ಕಾಯಿಯನ್ನು 'ಬಾದಿಂಜಾನ್' ಎನ್ನುತ್ತಿದ್ದರು. ಗ್ರೀಕರ ಬಾಯಲ್ಲಿ ಅದರ ಮೊದಲ ಭಾಗ, ಕಪ್ಪು ಎಂಬರ್ಥದ ತಮ್ಮದೇ 'ಮೆಲಾಸ್' ಪದದ ನೆರಳು ಬಿದ್ದು, 'ಮೆಲಿ' ಎಂದಾಯಿತು. ಬದನೆಯ ಬಣ್ಣವೂ ಅದಕ್ಕೆ ಒಪ್ಪಿತು. ಇಟಲಿಯ ಜನ ಇನ್ನೂ ಮುಂದೆ ಹೋಗಿ ತಮ್ಮ 'ಮೆಲಂಜಾನಾ'ದಲ್ಲಿ 'ಹುಚ್ಚು ಸೇಬು' ಎಂಬ ಅರ್ಥ ಕಂಡರು. ಶಬ್ದದ ಮೂಲ ಮರೆತಾಗ ಜನ ಸುಮ್ಮನಿರುವುದಿಲ್ಲ, ಕಥೆ ಕಟ್ಟುತ್ತಾರೆ.

ಅರಬರಿಗೆ ಈ ಪದ ಪರ್ಷಿಯನ್ನರಿಂದ ಬಂತು, ಪರ್ಷಿಯನ್ನರಿಗೆ ಭಾರತದಿಂದ. ಸಂಸ್ಕೃತದಲ್ಲಿ ಇದು 'ವಾತಿಂಗಣ'. ಈ ಸಂಸ್ಕೃತ ಪದವೇ ದ್ರಾವಿಡ ಮೂಲದ್ದೆಂದು ಅನೇಕ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ತಮಿಳಿನ 'ವಳುತುಣೈ', ಮಲಯಾಳದ 'ವಳುದಿನ', ಕನ್ನಡದ 'ಬದನೆ' ಒಂದೇ ಬಳ್ಳಿಯವು. ತಮಿಳಿನ ಮೊದಲ ವಕಾರ ಕನ್ನಡದಲ್ಲಿ ಬಕಾರವಾಗುವುದು ಹೊಸದೇನಲ್ಲ. ಅವರ 'ವಾ' ನಮ್ಮ 'ಬಾ' ಅಲ್ಲವೇ? ಹಾಗಾಗಿ ಯಾರ ಸ್ವತ್ತೂ ಅಲ್ಲದ ಭಾಷೆಯ ಈ ಪದ, ಹುಡುಕುತ್ತ ಹೋದರೆ ದಕ್ಷಿಣ ಭಾರತದ ಹಿತ್ತಲಿಗೆ ಬಂದು ನಿಲ್ಲುತ್ತದೆ.

ಆ ಪದದ ಪಯಣ ಗ್ರೀಸ್, ಇಟಲಿಗಳ ದಾರಿಯೊಂದರಲ್ಲೇ ನಡೆಯಲಿಲ್ಲ. 'ಅಲ್' ಪ್ರತ್ಯಯ ಹೊತ್ತ ಅರಬ್ಬೀ ರೂಪ ಕತಲಾನ್ ಭಾಷೆಯ ಮೂಲಕ ಫ್ರೆಂಚರಿಗೆ ತಲುಪಿ 'ಒಬರ್ಜೀನ್' ಆಯಿತು. ಪೋರ್ಚುಗೀಸರಲ್ಲಿ ಅದು 'ಬೆರಿಂಜೆಲಾ'. ಅವರು ಹಡಗೇರಿ ಭಾರತದ ಕರಾವಳಿಗೆ ಬಂದಾಗ ಈ ಪದವನ್ನೂ ತಂದರು. ಅವರಿಂದ ಕಲಿತ ಇಂಗ್ಲಿಷರು 'ಬ್ರಿಂಜಾಲ್' ಎಂದರು. ಇಂದು ಇಂಗ್ಲಿಷಿನಲ್ಲಿ ತರಕಾರಿ ಹೆಸರು ಹೇಳುವ ಕನ್ನಡಿಗರೂ 'ಬ್ರಿಂಜಾಲ್' ಎನ್ನುತ್ತಾರೆ, ಅದು ಬದನೆಯ ನೆಂಟನೆಂಬ ಗುರುತೇ ಇಲ್ಲದೆ.